ದಾದಿಗೇಕೆ ಡಾಕ್ಟರೇಟು?



ಕಳೆದ ತಿಂಗಳ ಒಂದು ಸಂಜೆ ದಾವಣಗೆರೆಯ ಕಡೆಯ ಹಿರಿಯ ತಾಯಿಯೊಬ್ಬರು ನಮ್ಮ ಮನೆಗೆ ದಯಮಾಡಿಸಿದ್ದರು. ಈ ಅಂಕಣವನ್ನು ಬಹುಕಾಲದಿಂದ ಓದುತ್ತ ಬಂದವರು. ಕುಶಲೋಪರಿ ಮುಗಿದ ಮೇಲೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತಮ್ಮ ಮನದ ಭಾರವನ್ನು ಮೆಲ್ಲನೆ ಇಳಿಸಿದರು. ಅವರ ಮಗಳು ಅಮೆರಿಕದ ಷಿಕಾಗೋ ನಗರದ ಸಮೀಪದಲ್ಲಿದ್ದಾಳೆ. ಇಲ್ಲಿಯೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಮದುವೆಯಾಗಿ ಅಲ್ಲಿಗೆ ತೆರಳಿ, ಆ ದೇಶದ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹೃದ್ರೋಗಿಗಳ ವಾರ್ಡಿನಲ್ಲಿ ಹನ್ನೆರಡು ವರ್ಷ ದುಡಿದವಳು. ದುಡಿಯುತ್ತಲೇ ಸ್ನಾತಕೋತ್ತರ ಪದವಿಯನ್ನೂ ಪಡೆದು ಈಗ ‘ನರ್ಸ್ ಪ್ರಾಕ್ಟಿಷನರ್’ ಆಗಿದ್ದಾಳೆ. ಇಬ್ಬರು ಮಕ್ಕಳು, ವಯಸ್ಸು ನಲವತ್ತೊಂದು. ಇಂಥವಳು ಈಗ ಡಾಕ್ಟರೇಟ್ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಅದೂ ಮನೆಯಲ್ಲಿಯೇ ಕುಳಿತು, ಕಂಪ್ಯೂಟರಿನ ಮೂಲಕ.

ಆ ತಾಯಿ ನಮ್ಮ ಮುಂದಿಟ್ಟ ಪ್ರಶ್ನೆಗಳು ಮೂರು. ‘ದಾದಿಗೇಕೆ ಡಾಕ್ಟರೇಟು? ಸಂಬಳ ಬರುತ್ತಿದೆ, ಮನೆಯಿದೆ, ಇನ್ನೇನು ಬೇಕು?’ ಇದು ಮೊದಲನೆಯದು. ‘ರೋಗಿಯ ಕೈ ಹಿಡಿದು ಕಲಿಯಬೇಕಾದ ವಿದ್ಯೆಯನ್ನು ಯಂತ್ರದ ಮುಂದೆ ಕುಳಿತು ಕಲಿಯಲಾದೀತೆ? ಅದು ನಿಜವಾದ ಪದವಿಯೆ?’ ಇದು ಎರಡನೆಯದು. ‘ಮಕ್ಕಳನ್ನು, ಗಂಡನನ್ನು ಯಾರು ನೋಡಿಕೊಳ್ಳಬೇಕು?’ ಇದು ಮೂರನೆಯದು. ‘ನೀವು ಒಂದು ಮಾತು ಬರೆದರೆ ಅವಳು ಕೇಳುತ್ತಾಳೆ, ಬೇಡವೆಂದು ಬರೆಯಿರಿ’ ಎಂಬುದು ಅವರ ಬಿನ್ನಹ.

ಬೇಡವೆಂದು ಬರೆಯುವುದು ಸುಲಭ. ಆದರೆ ಒಮ್ಮೆ ಹಾಗೆ ಹೇಳಿ ನಾವು ತಪ್ಪಿದ್ದೇವೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಸೋದರಿಯ ಮಗಳು ನರ್ಸಿಂಗ್ ಕಲಿಯುವೆನೆಂದಾಗ, ‘ನಮ್ಮ ಮನೆತನದ ಹೆಣ್ಣುಮಗಳು ಕಂಡವರ ಮಲಮೂತ್ರ ಬಳಿಯುವುದೆ?’ ಎಂದು ಅಡ್ಡಿಪಡಿಸಿದವರಲ್ಲಿ ನಾವೂ ಒಬ್ಬರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯ ಮೇಲೆ ಭಾಷಣ ಮಾಡಿದ ಬಾಯಿಯೇ ಮನೆಯೊಳಗೆ ಆ ಮಾತನ್ನಾಡಿತ್ತು. ಆ ಹುಡುಗಿ ಬೇರೇನೋ ಓದಿದಳು, ಮನಸ್ಸಿಲ್ಲದೆ ಓದಿದಳು. ಮುಂದೆ ನಮ್ಮ ತಂದೆಯವರು ಹಾಸಿಗೆ ಹಿಡಿದಾಗ ಆರು ವಾರಗಳ ಕಾಲ ಅವರ ಮೈ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಕಾಪಾಡಿದವಳು ಕೂಲಿಕಾರರ ಮನೆಯಿಂದ ಬಂದ ಒಬ್ಬ ನರ್ಸ್. ಆದುದರಿಂದ ಈ ಸಲ ಉತ್ತರ ಕೊಡುವ ಮುನ್ನ ವಿಷಯವನ್ನು ತಿಳಿದುಕೊಳ್ಳೋಣವೆಂದು ನಿಶ್ಚಯಿಸಿದೆವು. ತಿಳಿದುದನ್ನು ಓದುಗರ ಮುಂದಿಡುವುದೇ ಈ ತಿಂಗಳ ನಮ್ಮ ಉದ್ದೇಶ. ವಿದೇಶದಲ್ಲಿ ಶುಶ್ರೂಷಾ ವೃತ್ತಿಯಲ್ಲಿರುವ ಹೆಣ್ಣುಮಕ್ಕಳು ಈಗ ನಮ್ಮ ಅನೇಕ ಮನೆಗಳಲ್ಲಿ ಇದ್ದಾರಷ್ಟೆ.

ಮೊದಲು ಪದವಿಯ ಹಿನ್ನೆಲೆಯನ್ನು ನೋಡೋಣ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಶುಶ್ರೂಷಾ ಶಾಲೆ ಆರಂಭವಾದಂದಿನಿಂದ ಶುಶ್ರೂಷೆಯು ಕಲಿತು ಮಾಡುವ ವಿದ್ಯೆಯಾಯಿತು. ಅಮೆರಿಕದಲ್ಲಿ 1965ರಲ್ಲಿ ಮತ್ತೊಂದು ಹೆಜ್ಜೆ ಇಡಲಾಯಿತು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ಶುಶ್ರೂಷಕಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಕೂಡಿ, ಮಕ್ಕಳನ್ನು ಪರೀಕ್ಷಿಸಿ ಆರೋಗ್ಯ ಕಾಪಾಡಬಲ್ಲ ನರ್ಸ್‌ಗಳನ್ನು ತರಬೇತುಗೊಳಿಸುವ ಕಾರ್ಯವನ್ನು ಆರಂಭಿಸಿದರು. ವೈದ್ಯರು ದೊರೆಯದ ಹಳ್ಳಿಗಾಡುಗಳಲ್ಲಿ ಮಕ್ಕಳು ನರಳಬಾರದೆಂಬುದೇ ಅದರ ಮೂಲ ಪ್ರೇರಣೆ. ‘ನರ್ಸ್ ಪ್ರಾಕ್ಟಿಷನರ್’ ಎಂಬ ವೃತ್ತಿ ಹುಟ್ಟಿದ್ದು ಹೀಗೆ. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇಂಥವರು ವೈದ್ಯರ ಮೇಲ್ವಿಚಾರಣೆಯ ಕರಾರಿಲ್ಲದೆಯೇ ರೋಗಿಯನ್ನು ಪರೀಕ್ಷಿಸಿ ಔಷಧ ಬರೆದುಕೊಡಬಲ್ಲರು. ಇವರ ಜೊತೆಗೆ ಅರಿವಳಿಕೆ ನೀಡುವ ನರ್ಸ್‌ಗಳು, ಹೆರಿಗೆ ಮಾಡಿಸುವ ನರ್ಸ್‌ಗಳು, ಒಂದೊಂದು ವಿಭಾಗದಲ್ಲಿ ಪರಿಣತಿ ಪಡೆದ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟರು ಸೇರಿ, ‘ಉನ್ನತ ಶುಶ್ರೂಷಾ ವೃತ್ತಿ’ಯಲ್ಲಿ ಒಟ್ಟು ನಾಲ್ಕು ಬಗೆಗಳುಂಟು.

ಈ ನಾಲ್ಕೂ ಬಗೆಯವರಿಗೆ ಬಹುಕಾಲ ಸ್ನಾತಕೋತ್ತರ ಪದವಿಯೇ ಸಾಕಾಗಿತ್ತು. 2001ರಲ್ಲಿ ಕೆಂಟಕಿ ವಿಶ್ವವಿದ್ಯಾಲಯವು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’, ಸಂಕ್ಷೇಪವಾಗಿ ಡಿ.ಎನ್.ಪಿ., ಎಂಬ ಹೊಸ ಪದವಿಯನ್ನು ಆರಂಭಿಸಿತು. 2004ರ ಅಕ್ಟೋಬರಿನಲ್ಲಿ ಅಮೆರಿಕದ ಶುಶ್ರೂಷಾ ಕಾಲೇಜುಗಳ ಸಂಘವು, 2015ರ ವೇಳೆಗೆ ಉನ್ನತ ಶುಶ್ರೂಷೆಯ ಶಿಕ್ಷಣವು ಡಾಕ್ಟರೇಟ್ ಮಟ್ಟಕ್ಕೇರಬೇಕೆಂದು ನಿರ್ಣಯ ಕೈಗೊಂಡಿತು. 2006ರಲ್ಲಿ ಅದೇ ಸಂಘವು ಪಠ್ಯದ ಚೌಕಟ್ಟನ್ನು ಪ್ರಕಟಿಸಿ, ಬಿ.ಎಸ್ಸಿ. ಪದವಿಯ ನಂತರ ಕನಿಷ್ಠ 1,000 ಗಂಟೆಗಳ ಪ್ರತ್ಯಕ್ಷ ವೃತ್ತ್ಯನುಭವವು ಇರಬೇಕೆಂದು ವಿಧಿಸಿತು. ಇಂದು ನಾನೂರಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಈ ಪದವಿಯನ್ನು ನೀಡುತ್ತಿವೆ. ಅವುಗಳಲ್ಲಿ ಅನೇಕವು ಪಾಠವನ್ನು ಅಂತರ್ಜಾಲದ ಮೂಲಕವೇ ನಡೆಸುತ್ತವೆ.

ಇಲ್ಲಿ ಒಂದು ವಿಚಾರವನ್ನು ಸ್ಪಷ್ಟಪಡಿಸಬೇಕು. 2015ರ ಆ ಗುರಿ ಈಡೇರಲಿಲ್ಲ. ನರ್ಸ್ ಪ್ರಾಕ್ಟಿಷನರ್ ಆಗಲು ಇಂದಿಗೂ ಸ್ನಾತಕೋತ್ತರ ಪದವಿಯ ಹಾದಿ ತೆರೆದಿದೆ. ಅರಿವಳಿಕೆ ವಿಭಾಗದಲ್ಲಿ ಮಾತ್ರ 2022ರ ಜನವರಿ 1ರಿಂದ ಹೊಸದಾಗಿ ಸೇರುವವರೆಲ್ಲರೂ ಡಾಕ್ಟರೇಟ್ ಶಿಕ್ಷಣಕ್ಕೇ ಸೇರಬೇಕೆಂಬ ನಿಯಮ ಬಂದಿದೆ. ಹೀಗಿರಲು, ಈಗಾಗಲೇ ನರ್ಸ್ ಪ್ರಾಕ್ಟಿಷನರ್ ಆಗಿರುವವಳಿಗೆ ಈ ಪದವಿಯಿಂದ ಹೊಸ ಪರವಾನಗಿಯೇನೂ ದೊರೆಯುವುದಿಲ್ಲ. ಸಂಬಳವು ತಾನಾಗಿ ಏರುವುದೆಂಬ ಭರವಸೆಯೂ ಇಲ್ಲ. ಆ ತಾಯಿಯ ಮೊದಲ ಪ್ರಶ್ನೆ ಅಷ್ಟರಮಟ್ಟಿಗೆ ನ್ಯಾಯವಾದುದೇ.

ಹಾಗಾದರೆ ಇದರಿಂದ ದೊರೆಯುವುದೇನು? ಪಿಎಚ್.ಡಿ. ಎಂಬುದು ಸಂಶೋಧನೆಯ ಪದವಿ. ಅದರ ಫಲ ಹೊಸ ಜ್ಞಾನ. ಡಿ.ಎನ್.ಪಿ. ವೃತ್ತಿಯ ಪದವಿ. ಲೋಕದಲ್ಲಿ ಈಗಾಗಲೇ ಸಿದ್ಧವಾಗಿರುವ ಜ್ಞಾನವು ರೋಗಿಯ ಹಾಸಿಗೆಯವರೆಗೆ ಏಕೆ ತಲುಪುತ್ತಿಲ್ಲವೆಂದು ಹುಡುಕಿ, ತಲುಪಿಸುವ ದಾರಿಯನ್ನು ಮಾಡಿ ತೋರಿಸುವುದು ಅದರ ಕೆಲಸ. ಪ್ರಬಂಧದ ಬದಲು ಅಲ್ಲಿ ಒಂದು ಯೋಜನಾಕಾರ್ಯ ಇರುತ್ತದೆ. ವಿದ್ಯಾರ್ಥಿನಿಯು ತನ್ನ ಆಸ್ಪತ್ರೆಯ ಒಂದು ನಿಜವಾದ ತೊಂದರೆಯನ್ನು ಆಯ್ದುಕೊಳ್ಳಬೇಕು. ಮುದುಕರು ಮಂಚದಿಂದ ಬೀಳುವುದಿರಬಹುದು, ಮಲಗಿದವರಿಗೆ ಹುಣ್ಣಾಗುವುದಿರಬಹುದು. ಅದರ ಬಗೆಗೆ ಪ್ರಕಟವಾದ ಅಧ್ಯಯನಗಳನ್ನು ಓದಿ ತೂಗಿ ನೋಡಬೇಕು. ಬದಲಾವಣೆಯೊಂದನ್ನು ವಾರ್ಡಿನಲ್ಲಿ ಜಾರಿಗೆ ತರಬೇಕು. ಹಿಂದಿನ ಅಂಕಿಗಳನ್ನೂ ನಂತರದ ಅಂಕಿಗಳನ್ನೂ ಹೋಲಿಸಿ, ಪ್ರಯೋಜನವಾಯಿತೋ ಇಲ್ಲವೋ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಸಬೇಕು. ತಾನು ಬಿಟ್ಟುಹೋದ ಮೇಲೂ ಆ ಪದ್ಧತಿ ಉಳಿಯುವಂತೆ ನೋಡಿಕೊಳ್ಳಬೇಕು.

ಇನ್ನು ಎರಡನೆಯ ಪ್ರಶ್ನೆ. ಯಂತ್ರದ ಮುಂದೆ ಕುಳಿತು ಶುಶ್ರೂಷೆ ಕಲಿಯಲಾದೀತೆ? ಇಲ್ಲವೆಂಬುದೇ ಉತ್ತರ, ಮತ್ತು ಒಳ್ಳೆಯ ಸಂಸ್ಥೆಗಳು ಹಾಗೆ ಕಲಿಸುವುದೂ ಇಲ್ಲ. ಮನೆಯಲ್ಲಿ ಕುಳಿತು ಕಲಿಯುವುದು ಸಂಖ್ಯಾಶಾಸ್ತ್ರ, ಆರೋಗ್ಯ ನೀತಿ, ಆಸ್ಪತ್ರೆಯ ಆಡಳಿತ ಮತ್ತು ಹಣಕಾಸು, ಅಧ್ಯಯನಗಳ ವಿಮರ್ಶೆ ಮುಂತಾದ ವಿಷಯಗಳನ್ನು ಮಾತ್ರ. ಮಕ್ಕಳು ಮಲಗಿದ ಮೇಲೆ ಉಪನ್ಯಾಸ ಕೇಳಬಹುದು. ಭಾನುವಾರ ಪ್ರಬಂಧ ಬರೆಯಬಹುದು. ಆದರೆ ಪ್ರತ್ಯಕ್ಷ ಅನುಭವದ ಗಂಟೆಗಳನ್ನು ಆಸ್ಪತ್ರೆಯಲ್ಲಿ, ಚಿಕಿತ್ಸಾಲಯದಲ್ಲಿ, ಮಾರ್ಗದರ್ಶಕರ ಕಣ್ಣೆದುರಿನಲ್ಲಿಯೇ ಪೂರೈಸಬೇಕು. ಸ್ನಾತಕೋತ್ತರ ಶಿಕ್ಷಣದಲ್ಲಿ ಪೂರೈಸಿದ ಗಂಟೆಗಳನ್ನು, ದಾಖಲೆಯಿದ್ದಲ್ಲಿ, ಲೆಕ್ಕಕ್ಕೆ ಹಿಡಿಯುವುದುಂಟು. ಆದುದರಿಂದ ಸ್ನಾತಕೋತ್ತರ ಪದವೀಧರೆಗೆ ಸುಮಾರು ಎರಡು ವರ್ಷ, ದುಡಿಯುತ್ತ ಓದುವವಳಿಗೆ ಮೂರು ವರ್ಷ ಬೇಕಾಗಬಹುದು. ಬಿ.ಎಸ್ಸಿ. ಮುಗಿಸಿ ನೇರವಾಗಿ ಸೇರುವವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಕೆಲವು ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ತಮ್ಮ ಆವರಣಕ್ಕೆ ಬರಬೇಕೆಂದು ಕಡ್ಡಾಯ ಮಾಡಿವೆ.

ಎಲ್ಲ ಸಂಸ್ಥೆಗಳೂ ಒಂದೇ ತೂಕದವೆಂದು ನಂಬುವಂತಿಲ್ಲ. ಸೇರುವ ಮುನ್ನ ವಿಚಾರಿಸಬೇಕಾದ ಅಂಶಗಳನ್ನು ನಮ್ಮ ಹೆಣ್ಣುಮಕ್ಕಳ ಅನುಕೂಲಕ್ಕಾಗಿ ಇಲ್ಲಿ ಹೇಳುತ್ತೇವೆ. ಮೊದಲನೆಯದಾಗಿ, ಆ ಶಿಕ್ಷಣಕ್ರಮಕ್ಕೆ ಸಿ.ಸಿ.ಎನ್.ಇ. ಅಥವಾ ಎ.ಸಿ.ಇ.ಎನ್. ಎಂಬ ಶುಶ್ರೂಷಾ ಶಿಕ್ಷಣ ಮಾನ್ಯತಾ ಸಂಸ್ಥೆಗಳ ಮಾನ್ಯತೆ ಇದೆಯೇ ಎಂಬುದನ್ನು ಆ ಸಂಸ್ಥೆಗಳಿಂದಲೇ ಖಚಿತಪಡಿಸಿಕೊಳ್ಳಬೇಕು; ಕಾಲೇಜಿನ ಜಾಹೀರಾತನ್ನು ನಂಬಿ ಸುಮ್ಮನಿರಬಾರದು. ಎರಡನೆಯದಾಗಿ, ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಒಂದು ರಾಜ್ಯದ ವಿದ್ಯಾಲಯವು ಇನ್ನೊಂದು ರಾಜ್ಯದಲ್ಲಿ ವಾಸಿಸುವ ವಿದ್ಯಾರ್ಥಿನಿಗೆ ಪಾಠ ಹೇಳಿ ಪ್ರತ್ಯಕ್ಷ ತರಬೇತಿ ಕೊಡಿಸಲು ಅಧಿಕಾರ ಪಡೆದಿದೆಯೇ ಎಂದು ಕೇಳಬೇಕು. ಮೂರನೆಯದಾಗಿ, ಮಾರ್ಗದರ್ಶಕರನ್ನು ಗೊತ್ತುಪಡಿಸಿಕೊಡುವವರು ಯಾರು? ವಿದ್ಯಾಲಯವೋ, ವಿದ್ಯಾರ್ಥಿನಿಯೇ ಅಲೆದಾಡಿ ಹುಡುಕಿಕೊಳ್ಳಬೇಕೋ? ಪಾಠವೆಲ್ಲ ಮುಗಿದರೂ ಮಾರ್ಗದರ್ಶಕರು ದೊರೆಯದೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಕಾಯುವ ಕಾಲಕ್ಕೂ ಶುಲ್ಕ ತೆರಬೇಕಾದ ಸಂದರ್ಭಗಳುಂಟು.

ನಾಲ್ಕನೆಯದು ಹಣ. ಶುಲ್ಕವನ್ನು ‘ಕ್ರೆಡಿಟ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕ್ರೆಡಿಟ್ಟಿನ ದರ ಕೇಳಲು ಹಗುರವಾಗಿರುತ್ತದೆ. ಒಟ್ಟು ಕ್ರೆಡಿಟ್ಟುಗಳಿಂದ ಗುಣಿಸಿ, ಪ್ರಯಾಣದ ಖರ್ಚನ್ನೂ ಕೂಡಿಸಿದಾಗಲೇ ನಿಜವಾದ ಭಾರ ತಿಳಿಯುತ್ತದೆ. ಅನೇಕ ಆಸ್ಪತ್ರೆಗಳು ತಮ್ಮ ನೌಕರರ ಓದಿಗೆ ನೆರವು ಕೊಡುತ್ತವೆ. ಅಲ್ಲಿನ ತೆರಿಗೆ ಕಾನೂನು ಇಂಥ ನೆರವಿನಲ್ಲಿ ವರ್ಷಕ್ಕೆ 5,250 ಡಾಲರುಗಳವರೆಗೆ ತೆರಿಗೆಯಿಂದ ವಿನಾಯಿತಿ ನೀಡುತ್ತ ಬಂದಿದೆ. ಹಾಗೆ ನೆರವು ಪಡೆದವರು ಕೆಲವು ಕಾಲ ಅಲ್ಲಿಯೇ ದುಡಿಯಬೇಕೆಂಬ ಕರಾರು ಇದೆಯೇ ಎಂಬುದನ್ನೂ ಓದಿ ಸಹಿ ಹಾಕಬೇಕು. ಕೇಂದ್ರ ಸರ್ಕಾರದ ವಿದ್ಯಾಸಾಲವು ಅಲ್ಲಿನ ಪೌರರಿಗೆ, ಹಸಿರು ಕಾರ್ಡು ಪಡೆದವರಿಗೆ ದೊರೆಯುವುದೇ ಹೊರತು, ತಾತ್ಕಾಲಿಕ ವೀಸಾದ ಮೇಲೆ ಇರುವವರಿಗೆ ದೊರೆಯುವುದಿಲ್ಲ. ಮೇಲಾಗಿ 2025ರ ಜುಲೈಯಲ್ಲಿ ಅಂಗೀಕಾರವಾದ ಕಾನೂನು, 2026ರ ಜುಲೈ 1ರಿಂದ ಹೊಸ ಸಾಲಗಾರರಿಗೆ ‘ಗ್ರ್ಯಾಡ್ ಪ್ಲಸ್’ ಎಂಬ ಸಾಲವನ್ನು ನಿಲ್ಲಿಸುವಂತೆ ವಿಧಿಸಿದೆ. ಆದುದರಿಂದ ಇತರರು ಹಿಂದೆ ಸಾಲ ಮಾಡಿ ಓದಿದರೆಂದು ತಾವೂ ಹಾಗೆಯೇ ಓದಬಹುದೆಂದು ಭಾವಿಸಬಾರದು.

ಐದನೆಯದು ಹೆಸರಿನ ಮಾತು. ಪದವಿ ಪಡೆದವರನ್ನು ‘ಡಾಕ್ಟರ್’ ಎಂದು ಕರೆಯುವುದು ವಿದ್ಯಾವಲಯದಲ್ಲಿ ಸಹಜವೇ. ಆದರೆ ರೋಗಿಯ ಮುಂದೆ ಹಾಗೆ ಹೇಳಿಕೊಂಡಾಗ ಆತ ವೈದ್ಯರೆಂದು ತಪ್ಪು ತಿಳಿದಾನು. ಈ ಬಗೆಗೆ ಕೆಲವು ರಾಜ್ಯಗಳಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ತಾನು ಶುಶ್ರೂಷಾ ವೃತ್ತಿಯವಳೆಂದು ಮೊದಲ ಮಾತಿನಲ್ಲಿಯೇ ತಿಳಿಸುವುದು ಕಾನೂನಿಗೂ ಹಿತ, ಮರ್ಯಾದೆಗೂ ಹಿತ. ಬಾಗಿಲ ಮೇಲಿನ ಫಲಕಕ್ಕಾಗಿ ಓದುವವರಿಗೆ ಈ ಪದವಿ ದುಬಾರಿಯೇ ಸರಿ.

ನಾಡಿನಲ್ಲಿಯೇ ಇರುವ ನಮ್ಮ ಹೆಣ್ಣುಮಕ್ಕಳಿಗೂ ಒಂದು ಮಾತು. ‘ಮನೆಯಲ್ಲಿಯೇ ಕುಳಿತು ವಿದೇಶದ ನರ್ಸಿಂಗ್ ಡಾಕ್ಟರೇಟ್ ಪಡೆಯಿರಿ’ ಎಂಬ ಪ್ರಕಟಣೆಗಳಿಗೆ ಮರುಳಾಗದಿರಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯು ನರ್ಸಿಂಗ್ ಶಿಕ್ಷಣವನ್ನು ದೂರಶಿಕ್ಷಣದ ಮೂಲಕವಾಗಲಿ ಆನ್‌ಲೈನ್ ಮೂಲಕವಾಗಲಿ ನಡೆಸಕೂಡದೆಂದು ಹೇಳಿದೆ. 2022ರ ನಿಯಮಾವಳಿಯು ಪಿಎಚ್.ಡಿ. ಪದವಿಯನ್ನೂ ಈ ಬಗೆಯಲ್ಲಿ ನೀಡುವಂತಿಲ್ಲವೆಂದು ವಿಧಿಸಿದೆ. ಅಮೆರಿಕದ ಡಿ.ಎನ್.ಪಿ.ಗೆ ಸಾಮಾನ್ಯವಾಗಿ ಅಲ್ಲಿನ ನರ್ಸಿಂಗ್ ಪರವಾನಗಿಯೇ ಪ್ರವೇಶದ ಬಾಗಿಲು. ನಮ್ಮಲ್ಲಿ ಓದುವ ಹಂಬಲವುಳ್ಳವರಿಗೆ ಬೇರೆ ದಾರಿಗಳಿವೆ. ಭಾರತೀಯ ಶುಶ್ರೂಷಾ ಪರಿಷತ್ತು ಕಳೆದ ದಶಕದಲ್ಲಿ ತೀವ್ರ ನಿಗಾ ವಿಭಾಗಕ್ಕಾಗಿ ಎರಡು ವರ್ಷಗಳ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿತು. ಶುಶ್ರೂಷೆಯಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಅದೇ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಹಯೋಗದಲ್ಲಿ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿತು. ದೂರದ ಬೆಟ್ಟವನ್ನು ನೋಡಿ ಕಾಲಬುಡದ ದಾರಿಯನ್ನು ಮರೆಯಬಾರದು.

ಇಷ್ಟನ್ನೂ ತಿಳಿದುಕೊಂಡು, ಹದಿನೈದು ದಿನಗಳ ಮೇಲೆ ಆ ತಾಯಿಯನ್ನು ಮತ್ತೆ ಮನೆಗೆ ಆಹ್ವಾನಿಸಿದೆವು. ಅವರ ಮಗಳೊಡನೆ ದೂರವಾಣಿಯಲ್ಲಿ ಮಾತನಾಡಿದೆವು. ‘ತಂಗಿ, ಹೊಸ ಪರವಾನಗಿ ಇಲ್ಲ, ಸಂಬಳದ ಭರವಸೆಯಿಲ್ಲ, ಮೂರು ವರ್ಷದ ನಿದ್ದೆಗೇಡು. ಮತ್ತೇಕೆ?’ ಎಂದು ಕೇಳಿದೆವು.

ಆಕೆಯ ಉತ್ತರವನ್ನು ನಮ್ಮ ಮಾತಿನಲ್ಲಿ ಸಂಗ್ರಹಿಸುತ್ತೇವೆ. ಹೃದಯವು ದುರ್ಬಲಗೊಂಡ ರೋಗಿಗಳು ಚಿಕಿತ್ಸೆ ಪಡೆದು ಗುಣಮುಖರಾಗಿ ಮನೆಗೆ ಹೋಗುತ್ತಾರೆ; ತಿಂಗಳು ತುಂಬುವ ಮೊದಲೇ ಕಾಲು ಊದಿಕೊಂಡು, ಏದುಸಿರು ಬಿಡುತ್ತ ಮರಳಿ ಬರುತ್ತಾರೆ. ಇಂಥ ಮರುದಾಖಲೆಗಳು ಮಿತಿಮೀರಿದ ಆಸ್ಪತ್ರೆಗಳಿಗೆ ಅಮೆರಿಕ ಸರ್ಕಾರದ ಮೆಡಿಕೇರ್ ಯೋಜನೆಯು 2012ರ ಅಕ್ಟೋಬರಿನಿಂದ ಹಣ ಕಡಿತ ಮಾಡುವ ಪದ್ಧತಿಯನ್ನೂ ತಂದಿತು. ಕಾರಣವಂತೂ ಗೂಢವಲ್ಲ. ಉಪ್ಪು ಹೆಚ್ಚಾದರೆ, ಮಾತ್ರೆ ತಪ್ಪಿದರೆ, ಮೈಯಲ್ಲಿ ನೀರು ನಿಲ್ಲುತ್ತದೆ. ನೀರು ನಿಂತುದರ ಮೊದಲ ಸುಳಿವು ಉಸಿರಾಟದಲ್ಲಿ ಅಲ್ಲ, ತೂಕದಲ್ಲಿ ಕಾಣುತ್ತದೆ. ಪ್ರತಿದಿನ ಬೆಳಿಗ್ಗೆ ಎದ್ದೊಡನೆ ತೂಕ ನೋಡಿ ಬರೆದಿಟ್ಟುಕೊಂಡು, ಎರಡು ಮೂರು ದಿನಗಳಲ್ಲಿ ಅದು ಏಕಾಏಕಿ ಏರಿದರೆ ತಕ್ಷಣ ತಿಳಿಸಿದಲ್ಲಿ, ಅನೇಕ ಸಲ ಔಷಧದ ಸಣ್ಣ ಹೊಂದಾಣಿಕೆಯಿಂದಲೇ ಅಪಾಯ ತಪ್ಪೀತು. ಇದು ಪುಸ್ತಕಗಳಲ್ಲಿದೆ. ಆದರೆ ಬಿಡುಗಡೆಯ ದಿನದ ಗಡಿಬಿಡಿಯಲ್ಲಿ ರೋಗಿಯ ಕೈಗೆ ಕಾಗದ ಕೊಟ್ಟು ಕಳುಹಿಸುತ್ತಾರೆ. ಅದನ್ನು ತಿಳಿಯಹೇಳುವವರಿಲ್ಲ, ಮೂರನೆಯ ದಿನ ವಿಚಾರಿಸುವವರಿಲ್ಲ. ‘ಒಬ್ಬೊಬ್ಬ ರೋಗಿಗೆ ನಾನು ಹೇಳಬಲ್ಲೆ. ಆದರೆ ಇಡೀ ಆಸ್ಪತ್ರೆಯ ಪದ್ಧತಿಯನ್ನು ಬದಲಿಸಲು ಅಂಕಿಅಂಶ, ಹಣದ ಲೆಕ್ಕ, ಆಡಳಿತದ ಭಾಷೆ ನನಗೆ ತಿಳಿದಿರಬೇಕು. ಸಭೆಯಲ್ಲಿ ನನ್ನ ಮಾತಿಗೆ ಆಧಾರ ಬೇಕು. ಅದನ್ನು ಕಲಿಯಲು ಹೊರಟಿದ್ದೇನೆ’ ಎಂದಳು.

ದೂರವಾಣಿಯನ್ನು ಕೆಳಗಿಟ್ಟು ನೋಡಿದರೆ ತಾಯಿಯ ಕಣ್ಣಲ್ಲಿ ನೀರು. ಅವರ ಪತಿ ಲಿಂಗೈಕ್ಯರಾಗಿ ಒಂಬತ್ತು ವರ್ಷಗಳಾದವು. ಅವರಿಗಿದ್ದುದೂ ಇದೇ ಕಾಯಿಲೆ. ಒಂದೇ ಚಳಿಗಾಲದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿದ್ದರು. ಮೂರನೆಯ ಸಲ ಮರಳಲಿಲ್ಲ. ‘ಬಾಯಿ ರುಚಿ ಕೆಟ್ಟಿದೆ ಎನ್ನುತ್ತಿದ್ದರು. ನಾನೇ ದಿನವೂ ಉಪ್ಪಿನಕಾಯಿ, ಹಪ್ಪಳ ಬಡಿಸಿದೆ. ತೂಕ ನೋಡಬೇಕೆಂದು ನಮಗೆ ಯಾರೂ ಹೇಳಲಿಲ್ಲ’ ಎಂದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ‘ಅವಳಿಗೆ ಅದು ಗೊತ್ತಿದೆ. ಗೊತ್ತಿದ್ದೂ ನನ್ನೆದುರಿಗೆ ಒಂದು ದಿನವೂ ಆಡಿಲ್ಲ’ ಎಂದು ಅವರೇ ಮತ್ತೆ ಹೇಳಿದರು.

ಉಪ್ಪಿನಕಾಯಿಯ ತುಣುಕು ಬಡಿಸಿದ ಕೈಯದು ತಪ್ಪೆಂದು ಯಾರೂ ಹೇಳಲಾರರು. ತಿಳಿಸಬೇಕಾದುದನ್ನು ತಿಳಿಸುವ ಏರ್ಪಾಡು ಇಲ್ಲದಿದ್ದುದೇ ಅಲ್ಲಿನ ಕೊರತೆ. ಅಂಥ ಏರ್ಪಾಡನ್ನು ಕಟ್ಟುವುದು ಪ್ರೀತಿಯೊಂದರಿಂದಲೇ ಆಗುವ ಕೆಲಸವಲ್ಲ. ಅದಕ್ಕೆ ವಿದ್ಯೆ ಬೇಕು. ದಾದಿಗೇಕೆ ಡಾಕ್ಟರೇಟು ಎಂಬ ಪ್ರಶ್ನೆಗೆ ನಾವು ಬರೆಯಬೇಕಿದ್ದ ಉತ್ತರವನ್ನು ಆ ಮನೆಯೇ ಬರೆದುಕೊಂಡಿತು.

ಉಳಿದುದು ಮೂರನೆಯ ಪ್ರಶ್ನೆ: ಮಕ್ಕಳನ್ನು, ಮನೆಯನ್ನು ನೋಡುವವರು ಯಾರು? ಇದಕ್ಕೆ ಉತ್ತರ ಹೇಳಬೇಕಾದವಳು ಮಗಳೊಬ್ಬಳೇ ಅಲ್ಲ. ಗಂಡುಮಗ ಉನ್ನತ ವ್ಯಾಸಂಗಕ್ಕೆ ಹೊರಟಾಗ ಈ ಪ್ರಶ್ನೆಯನ್ನು ನಾವು ಎಂದಾದರೂ ಕೇಳಿದ್ದೇವೆಯೆ? ಪತಿಯಾದವನು ವಾರದಲ್ಲಿ ಮೂರು ರಾತ್ರಿ ಅಡಿಗೆಯ ಹೊಣೆ ಹೊತ್ತರೆ, ಮಕ್ಕಳು ತಮ್ಮ ತಟ್ಟೆಯನ್ನು ತಾವೇ ತೊಳೆದರೆ, ಅತ್ತೆಮಾವಂದಿರು ಭಾನುವಾರದ ದೂರವಾಣಿ ಕರೆಯನ್ನು ಅವಳ ಓದಿನ ವೇಳೆ ತಪ್ಪಿಸಿ ಮಾಡಿದರೆ, ಅರ್ಧ ಭಾರ ಇಳಿದಂತೆಯೇ. ಹಾಗೆಯೇ ಓದುವವಳೂ ಮೊದಲೇ ಮನೆಯವರನ್ನು ಕೂಡಿಸಿಕೊಂಡು, ಎಷ್ಟು ಕಾಲ, ಎಷ್ಟು ಹಣ, ಯಾವ ತಿಂಗಳುಗಳಲ್ಲಿ ಆಸ್ಪತ್ರೆಯ ಗಂಟೆಗಳು ಎಂಬುದನ್ನು ಕಾಗದದ ಮೇಲೆ ಬರೆದು ಒಪ್ಪಿಸಬೇಕು. ಹೇಳದೆ ಹೊತ್ತ ಹೊರೆಗೆ ಹೆಗಲು ಕೊಡಲು ಯಾರಿಂದಲೂ ಆಗದು.

ಹೊರಡುವಾಗ ಆ ತಾಯಿ ಬಾಗಿಲಲ್ಲಿ ನಿಂತು ಕೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. ‘ಅವಳ ಆಸ್ಪತ್ರೆಯ ಗಂಟೆಗಳು ಯಾವ ತಿಂಗಳಿಗೆ ಬೀಳುತ್ತವೆ, ವಿಚಾರಿಸಿ ಹೇಳಿ. ಪ್ರವಾಸಿ ವೀಸಾದ ಮೇಲೆ ಆರು ತಿಂಗಳವರೆಗೆ ಇರಲು ಬಿಡುತ್ತಾರಂತೆ. ಆ ಹೊತ್ತಿಗೆ ಹೋಗಿ ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕುತ್ತೇನೆ.’ ಮತ್ತೆ ಎರಡು ಹೆಜ್ಜೆ ನಡೆದು ಹಿಂತಿರುಗಿ, ‘ಉಪ್ಪು ಕಡಿಮೆ ಹಾಕುತ್ತೇನೆ’ ಎಂದರು.

ಮಗಳಿಗೆ ನಾವು ಬರೆಯಬೇಕಿದ್ದ ಪತ್ರವನ್ನು ಅಂದೇ ಬರೆದು ಅಂಚೆಗೆ ಹಾಕಿದೆವು. ಮರುದಿನ ನಮ್ಮ ಸೋದರಿಯ ಮಗಳಿಗೂ ಒಂದು ಪತ್ರ ಬರೆದೆವು. ಅವಳ ಹಿರಿಯ ಮಗಳು ಈ ವರ್ಷ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಾಳೆಂದು ಕೇಳಿದ್ದೆವು. ಮೂವತ್ತು ವರ್ಷ ತಡವಾಗಿಯಾದರೂ ಆ ಮನೆಗೆ ನಮ್ಮ ಒಪ್ಪಿಗೆಯ ಮಾತು ತಲುಪಲಿ.